ಗೋಲಿನ ಹಿಂದೆ ನಿಂತಿದ್ದವರು ನಮ್ಮವರೇ

ಹುಡುಗ ಒದ್ದ ಚೆಂಡು ಕಂಬದ ಹೊರಗೆ ಹೋಯಿತು. ಅವನು ಚೆಂಡಿನ ಕಡೆ ನೋಡಲಿಲ್ಲ, ತಲೆಯ ಮೇಲೆ ಕೈ ಇಟ್ಟುಕೊಳ್ಳಲಿಲ್ಲ. ಬಲೆಯ ಹಿಂದೆ ನಿಂತಿದ್ದ ಜನರ ಕಡೆ ನೋಡಿದ. ಮುಂದೆ ಏನು ಬರಲಿದೆ ಎಂಬುದು ಅವನಿಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು. ಹತ್ತು ಹೆಜ್ಜೆ ದೂರದಲ್ಲಿ ಸೀಟಿ ಹಿಡಿದು ನಿಂತಿದ್ದ ನನಗೆ ಅದು ಅರ್ಥವಾದದ್ದು ತಡವಾಗಿ.

ಬೀದರಿನ ಒಂದು ಕೆಂಪು ಮಣ್ಣಿನ ಮೈದಾನ. ಓಣಿ ಓಣಿಗಳ ನಡುವಿನ ಫುಟ್‌ಬಾಲ್ ಪಂದ್ಯಾವಳಿ. ಸೆಮಿಫೈನಲ್, ಟೈಬ್ರೇಕರ್, ಐದನೆಯ ಕಿಕ್. ಮೈದಾನದ ಹೆಸರನ್ನಾಗಲಿ ತಂಡದ ಹೆಸರನ್ನಾಗಲಿ ನಾನು ಬರೆಯುವುದಿಲ್ಲ. ಹುಡುಗನ ಹೆಸರು ಬೇಡವೆಂದು ಅವನೇ ಹೇಳಿದ್ದಾನೆ.

ಮೊದಲು ಬಂದ ಕೂಗು "ಏ ಹಬ್ಶಿ", ಅಂದರೆ ಆಫ್ರಿಕಾದ ಕರಿಯ. ಅದರ ಹಿಂದೆಯೇ ಅವನ ಜಾತಿಯ ಹೆಸರು. ಆಮೇಲೆ ಎರಡನ್ನೂ ಸೇರಿಸಿ ಅವನ ತಾಯಿಯ ಬಗ್ಗೆ ಒಂದು ಮಾತು. ಎದುರಾಳಿ ಓಣಿಯವರು ಆ ಹೊತ್ತಿಗೆ ತಮ್ಮ ಗೋಲ್‌ಕೀಪರನನ್ನು ಎತ್ತಿಕೊಂಡು ಕುಣಿಯುತ್ತಿದ್ದರು, ಅವರಿಗೆ ಇವನ ಕಡೆ ಗಮನವೇ ಇರಲಿಲ್ಲ. ಕೂಗಿದವರು ಇವನ ತಂಡದ್ದೇ ಹಸಿರು ಜೆರ್ಸಿ ತೊಟ್ಟು ಬಂದವರು. ಹಿಂದಿನ ಭಾನುವಾರ ಅವನು ಎರಡು ಗೋಲು ಹೊಡೆದಾಗ ಹೆಗಲ ಮೇಲೆ ಹೊತ್ತು "ನಮ್ಮ ಓಣಿಯ ಹುಲಿ" ಎಂದು ಮೆರೆಸಿದ ಹುಡುಗರು.

ನಾನು ಹದಿನಾಲ್ಕು ವರ್ಷಗಳಿಂದ ಈ ಭಾಗದ ಪಂದ್ಯಗಳಿಗೆ ರೆಫರಿಯಾಗಿ ನಿಲ್ಲುತ್ತಿದ್ದೇನೆ. ಎಮ್ಮೆಗಳು ಒಳಗೆ ನುಗ್ಗಿದಾಗ ಆಟ ನಿಲ್ಲಿಸಿದ್ದೇನೆ. ಕಲ್ಲು ಬಿದ್ದಾಗ ನಿಲ್ಲಿಸಿದ್ದೇನೆ. ಜನಾಂಗದ ಹೆಸರಿನಲ್ಲಿ ನಿಂದನೆ ಕೇಳಿಬಂದರೆ ಮೊದಲು ಆಟ ನಿಲ್ಲಿಸಿ ಮೈಕಿನಲ್ಲಿ ಎಚ್ಚರಿಕೆ ಹೇಳಿಸಬೇಕು, ಮುಂದುವರಿದರೆ ಆಟಗಾರರನ್ನು ಒಳಗೆ ಕಳುಹಿಸಬೇಕು, ಆಗಲೂ ನಿಲ್ಲದಿದ್ದರೆ ಪಂದ್ಯವನ್ನೇ ಕೈಬಿಡಬೇಕು ಎಂಬ ಫಿಫಾದ ಮೂರು ಹಂತಗಳ ಕ್ರಮವೂ ನನಗೆ ಗೊತ್ತು. 2024ರ ಮೇ ತಿಂಗಳಲ್ಲಿ ಬ್ಯಾಂಕಾಕಿನಲ್ಲಿ ನಡೆದ ಸಭೆಯಲ್ಲಿ ಫಿಫಾ ಒಂದು ಸನ್ನೆಯನ್ನೂ ಒಪ್ಪಿಕೊಂಡಿದೆ: ನಿಂದನೆಗೆ ಒಳಗಾದ ಆಟಗಾರ ಎರಡು ಮುಂಗೈಗಳನ್ನು ಅಡ್ಡ ಹಿಡಿದು ರೆಫರಿಗೆ ತೋರಿಸಿದರೆ ಸಾಕು. ಇದೆಲ್ಲ ಗೊತ್ತಿದ್ದೂ ನಾನು ಅಂದು ಮಾಡಿದ್ದು ಕೊನೆಯ ಸೀಟಿ ಊದಿ ಅಂಕಪಟ್ಟಿಗೆ ಸಹಿ ಹಾಕಿದ್ದು ಮಾತ್ರ.

ಆ ರಾತ್ರಿ ಹುಡುಗ ತಂಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ಸಾಲು ಬರೆದ. "ಗೋಲು ತಪ್ಪಿಸಿದ್ದಕ್ಕೆ ಎಲ್ಲರ ಕ್ಷಮೆ ಕೇಳುತ್ತೇನೆ. ನನ್ನ ಅವ್ವನ ಬಗ್ಗೆ, ನಮ್ಮ ಜನರ ಬಗ್ಗೆ ಆಡಿದ ಮಾತಿಗೆ ಆಡಿದವರು ಉತ್ತರ ಕೊಡಬೇಕು."

ಉತ್ತರಗಳು ಬಂದವು. ಬಿಡು ತಮ್ಮಾ, ಆಟದಲ್ಲಿ ಇದೆಲ್ಲ ಇದ್ದದ್ದೇ. ಅವರು ನಾಲ್ಕು ಜನ ಕುಡಿದು ಬಂದಿದ್ದರು. ಇದನ್ನು ಗುಂಪಿನಲ್ಲಿ ಹಾಕಬಾರದಿತ್ತು, ಬೇರೆ ಓಣಿಯವರು ನೋಡಿ ನಗುತ್ತಾರೆ. ತಂಡದ ಹೆಸರು ಕೆಡಿಸಬೇಡ. ಬೆಳಗಾಗುವುದರೊಳಗೆ ಗುಂಪಿನಲ್ಲಿ ಅಡ್ಮಿನ್‌ಗಳ ಹೊರತು ಬೇರೆ ಯಾರೂ ಬರೆಯದಂತೆ ಮಾಡಲಾಗಿತ್ತು. ಆ ಮಾತು ಆಡಿದವರನ್ನು ಯಾರೂ ಕೇಳಲಿಲ್ಲ. ಹೇಳಿದವನನ್ನು ಮಾತ್ರ ಎಲ್ಲರೂ ಕೇಳಿದರು.

ಅವನ ಎರಡು ಸಾಲು ಓದಿದಾಗ ನನಗೆ ಮಾರ್ಕಸ್ ರಾಶ್‌ಫೋರ್ಡ್ ನೆನಪಾದ. 2021ರ ಜುಲೈ 11ರಂದು ವೆಂಬ್ಲಿಯಲ್ಲಿ ಯೂರೋ ಫೈನಲ್. ಇಂಗ್ಲೆಂಡ್ ಟೈಬ್ರೇಕರಿನಲ್ಲಿ ಇಟಲಿಗೆ ಸೋತಿತು. ಪೆನಾಲ್ಟಿ ತಪ್ಪಿಸಿದ ರಾಶ್‌ಫೋರ್ಡ್, ಜೇಡನ್ ಸ್ಯಾಂಚೊ, ಬುಕಾಯೊ ಸಾಕಾ ಮೂವರೂ ಕಪ್ಪು ಹುಡುಗರು. ಅಂದು ರಾತ್ರಿಯೇ ಅವರ ಮೊಬೈಲುಗಳಿಗೆ ಬೈಗುಳ ಸುರಿಯಿತು, ತಮ್ಮದೇ ದೇಶದವರಿಂದಲೂ. ರಾಶ್‌ಫೋರ್ಡ್ ಮರುದಿನ ಬರೆದದ್ದರ ಸಾರ ಇಷ್ಟು: ಪೆನಾಲ್ಟಿ ತಪ್ಪಿದ್ದಕ್ಕೆ ಕ್ಷಮೆ ಕೇಳುತ್ತೇನೆ, ನಾನು ಯಾರು, ಎಲ್ಲಿಂದ ಬಂದವನು ಎಂಬುದಕ್ಕೆ ಎಂದೂ ಕೇಳುವುದಿಲ್ಲ. ನಮ್ಮ ಬೀದರಿನ ಹುಡುಗ ಅದನ್ನು ಓದಿರಲಿಲ್ಲ, ನಾನು ಕೇಳಿದೆ. ಓದದೆಯೇ ಅದೇ ಗೆರೆಯನ್ನು ಅದೇ ಜಾಗದಲ್ಲಿ ಎಳೆದಿದ್ದ.

ಸಾಕಾನಿಗೆ ಆಗ ಹತ್ತೊಂಬತ್ತು ವರ್ಷ, ನಮ್ಮ ಹುಡುಗನಷ್ಟೇ. ತನ್ನ ಮೇಲೆ ಎಂಥ ದ್ವೇಷ ಬರಲಿದೆ ಎಂದು ಆ ಕ್ಷಣವೇ ತಿಳಿದಿತ್ತೆಂದು ಅವನು ಆಮೇಲೆ ಬರೆದ. ಇದನ್ನು ನಾನು ಅಂದೇ ಓದಿದ್ದೆ, ಮರೆತಿದ್ದೆ. ಫೈನಲ್ ಸೋತ ಹುಡುಗನಿಗೆ ಮೊದಲು ನೆನಪಾಗಬೇಕಾದದ್ದು ಸೋಲು. ಅವನಿಗೆ ಆ ಸೋಲನ್ನು ದುಃಖಿಸುವ ಪುರುಸೊತ್ತನ್ನೂ ಜನ ಕೊಡಲಿಲ್ಲ. ನಮ್ಮ ಹುಡುಗ ಬಲೆಯ ಹಿಂದೆ ಯಾಕೆ ನೋಡಿದ ಎಂದು ಈಗ ನನಗೆ ತಿಳಿಯುತ್ತದೆ.

ತಂಡಕ್ಕೆ ತೊಂದರೆಯಾಗುತ್ತದೆ, ಈಗ ಬೇಡ, ಪಂದ್ಯಾವಳಿ ಮುಗಿಯಲಿ ಎನ್ನುವವರಿಗೆ ಜೆಸ್ ಕಾರ್ಟರ್ ಬಗ್ಗೆ ಹೇಳಬೇಕು. ಇಂಗ್ಲೆಂಡ್ ಮಹಿಳಾ ತಂಡದ ರಕ್ಷಣಾ ಆಟಗಾರ್ತಿ. 2025ರ ಯೂರೋ ನಡೆಯುತ್ತಿರುವಾಗಲೇ, ಸೆಮಿಫೈನಲಿಗೆ ಎರಡು ದಿನ ಮುಂಚೆ, ಪಂದ್ಯಾವಳಿ ಶುರುವಾದಾಗಿನಿಂದ ತನಗೆ ಜನಾಂಗೀಯ ನಿಂದನೆ ಬರುತ್ತಿದೆ, ಹಾಗಾಗಿ ಸಾಮಾಜಿಕ ಜಾಲತಾಣಗಳಿಂದ ದೂರ ಇರುತ್ತೇನೆ ಎಂದು ಬಹಿರಂಗವಾಗಿ ಹೇಳಿದರು. ಆಟವನ್ನು ಟೀಕಿಸಿ, ಬಣ್ಣವನ್ನು ಮುಟ್ಟಬೇಡಿ ಎಂಬುದು ಅವರ ಮಾತಿನ ತಿರುಳು. ಸಹ ಆಟಗಾರ್ತಿಯರು ಸುಮ್ಮನಿರು ಎನ್ನಲಿಲ್ಲ. ಜನಾಂಗೀಯ ನಿಂದನೆಯ ವಿರುದ್ಧ ಪಂದ್ಯಕ್ಕೆ ಮುಂಚೆ ಮಂಡಿಯೂರುವ ರೂಢಿಯಿಂದ ಇನ್ನು ಪ್ರಯೋಜನವಿಲ್ಲ, ಬೇರೆ ದಾರಿ ಹುಡುಕಬೇಕು ಎಂದು ತೀರ್ಮಾನಿಸಿ ಸೆಮಿಫೈನಲಿನಲ್ಲಿ ನಿಂತೇ ಇದ್ದರು. ಫೈನಲಿನಲ್ಲಿ ಕಾರ್ಟರ್ ಆಡಿದರು, ಇಂಗ್ಲೆಂಡ್ ಸ್ಪೇನನ್ನು ಪೆನಾಲ್ಟಿಗಳಲ್ಲಿ ಸೋಲಿಸಿತು. ಗೆದ್ದರು ಎಂಬ ಕಾರಣಕ್ಕೆ ಇದನ್ನು ಹೇಳುತ್ತಿಲ್ಲ. ಸೋತಿದ್ದರೂ ಅವರು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಆಗ ಸೋಲಿನ ಹೊಣೆಯನ್ನೂ ಅವರ ತಲೆಗೇ ಕಟ್ಟುತ್ತಿದ್ದರು, ಅದೂ ನನಗೆ ಗೊತ್ತು.

ಎರಡು ದಿನ ಬಿಟ್ಟು ನಾನು ಹುಡುಗನ ಮನೆಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋದದ್ದು, ಬಾಯಿ ಬರಲಿಲ್ಲ. ಚಹಾ ಕುಡಿಯುತ್ತ ಕುಳಿತೆ. ಅವನ ತಾಯಿ ಹೊಸ್ತಿಲ ಬಳಿ ಜೋಳ ಹಸನು ಮಾಡುತ್ತಿದ್ದರು. ಮೊರದಿಂದ ಕಣ್ಣು ತೆಗೆಯದೆ ಕೇಳಿದರು: "ಅಣ್ಣಾ, ಬೇರೆ ಓಣಿಯವರು ಅಂದಿದ್ದರೆ ನಮ್ಮ ಓಣಿಯವರಿಗೆ ಹೇಳುತ್ತಿದ್ದೆವು. ಈಗ ಯಾರಿಗೆ ಹೇಳುವುದು?"

ಎದುರಾಳಿಯ ಬೈಗುಳಕ್ಕೂ ತನ್ನವರ ಬೈಗುಳಕ್ಕೂ ಇರುವ ಅಂತರವನ್ನು ನಾನು ಇಷ್ಟು ಉದ್ದ ಬರೆದು ಹೇಳಲು ಹೆಣಗುತ್ತಿದ್ದೇನೆ, ಆ ತಾಯಿ ಒಂದೇ ಮಾತಿನಲ್ಲಿ ಹೇಳಿದರು. ಹೊರಗಿನವರು ಬೈದರೆ ಹನ್ನೊಂದು ಜನ ಸುತ್ತ ನಿಲ್ಲುತ್ತಾರೆ, ಹಿಂದಿರುವ ಜನ ತಿರುಗಿ ಕೂಗುತ್ತಾರೆ. ಒಳಗಿನವರೇ ಬೈದರೆ ಆಟಗಾರ ಯಾವ ಕಡೆ ತಿರುಗಬೇಕು? 2019ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿನ ಟ್ಯಾಮಿ ಅಬ್ರಹಾಂ ಸೂಪರ್ ಕಪ್ ಪಂದ್ಯದ ಕೊನೆಯ ಪೆನಾಲ್ಟಿ ತಪ್ಪಿಸಿ ಇಂಥದ್ದೇ ನಿಂದನೆಗೆ ಒಳಗಾದಾಗ, ತನ್ನ ತಾಯಿ ಅತ್ತದ್ದನ್ನು ಅವನು ಆಮೇಲೆ ಹೇಳಿಕೊಂಡ. ಮಾತು ಆಟಗಾರನಿಗೆ ಅಂದದ್ದು, ತಾಗುವುದು ಮನೆಗೆ.

ಇದೆಲ್ಲ ಬಿಳಿಯರ ದೇಶದ ರೋಗ ಎಂದುಕೊಳ್ಳುವವರು ಹರಿದ್ವಾರದ ಹತ್ತಿರದ ರೋಶನಾಬಾದನ್ನು ನೆನಪಿಸಿಕೊಳ್ಳಲಿ. ಟೋಕಿಯೊ ಒಲಿಂಪಿಕ್ಸಿನಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾದ ವಿರುದ್ಧ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಹಾಕಿಯಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಭಾರತೀಯ ಮಹಿಳೆ ಅವರು. ಕೆಲವೇ ದಿನಗಳಲ್ಲಿ, 2021ರ ಆಗಸ್ಟ್ 4ರಂದು, ತಂಡ ಸೆಮಿಫೈನಲಿನಲ್ಲಿ ಅರ್ಜೆಂಟೀನಾಕ್ಕೆ 2-1ರಿಂದ ಸೋತಿತು. ಆ ಸಂಜೆ ಅವರ ಮನೆಯ ಮುಂದೆ ಪಟಾಕಿ ಸಿಡಿಸಿ, ತಂಡದಲ್ಲಿ ದಲಿತರು ಹೆಚ್ಚಾಗಿರುವುದರಿಂದಲೇ ಸೋತಿತು ಎಂದು ಕುಟುಂಬದವರನ್ನು ಜಾತಿ ಹಿಡಿದು ನಿಂದಿಸಿದರೆಂದು ಪೊಲೀಸರಿಗೆ ದೂರು ಹೋಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕ್ರಿಕೆಟಿನಲ್ಲಿ ಪಾಕಿಸ್ತಾನದ ಎದುರು ಸೋತಾಗ ಮೊಹಮ್ಮದ್ ಶಮಿಯನ್ನು ಧರ್ಮ ಹಿಡಿದು ಬೈದದ್ದು ಎಲ್ಲರಿಗೂ ಗೊತ್ತು. ನಮ್ಮ ಕರ್ನಾಟಕದ ವೇಗಿ ದೊಡ್ಡ ಗಣೇಶ್ ಕೂಡ ತಾವು ಆಡುವ ದಿನಗಳಲ್ಲಿ ಬಣ್ಣದ ಕುಹಕ ಕೇಳಿದ್ದನ್ನು ಎಷ್ಟೋ ವರ್ಷಗಳ ನಂತರ ಹೇಳಿಕೊಂಡರು. ಅಷ್ಟು ವರ್ಷ ಅದನ್ನು ಒಳಗೇ ಇಟ್ಟುಕೊಂಡಿದ್ದರು. ಎಷ್ಟು ಜನ ಇನ್ನೂ ಇಟ್ಟುಕೊಂಡಿದ್ದಾರೋ.

ಬೆಲ್ಜಿಯಂನ ರೊಮೆಲು ಲುಕಾಕು 2018ರಲ್ಲಿ ಬರೆದದ್ದು ಇದಕ್ಕೆ ಹತ್ತಿರದ್ದು. ಚೆನ್ನಾಗಿ ಆಡಿದರೆ ಪತ್ರಿಕೆಗಳಲ್ಲಿ ತಾನು ಬೆಲ್ಜಿಯಂ ಆಟಗಾರ, ಆಡದಿದ್ದರೆ ಕಾಂಗೊ ಮೂಲದ ಬೆಲ್ಜಿಯಂ ಆಟಗಾರ. ನಮ್ಮ ಮಾತಿನಲ್ಲಿಯೂ ಹೀಗೆಯೇ. ಗೋಲು ಹೊಡೆದಾಗ "ನಮ್ಮವ", ತಪ್ಪಿದಾಗ "ಅವನು", ಇನ್ನೂ ಸಿಟ್ಟು ಬಂದರೆ "ಆ ಜನ". ಹೆಗಲ ಮೇಲೆ ಹೊತ್ತಾಗ ಆ ಹುಡುಗರು ನಿಜವಾಗಿಯೂ ಅವನನ್ನು ತಮ್ಮವನೆಂದುಕೊಂಡಿದ್ದರು ಎಂದು ನಾನು ಈಗ ನಂಬುವುದಿಲ್ಲ. ತಮ್ಮವನೆಂದುಕೊಂಡಿದ್ದರೆ ಆ ಮಾತು ನಾಲಿಗೆಯ ತುದಿಯಲ್ಲಿ ಅಷ್ಟು ಸಿದ್ಧವಾಗಿ ಇರುತ್ತಿರಲಿಲ್ಲ.

ಇನ್ನು ಆ "ಹಬ್ಶಿ" ಎಂಬ ಮಾತು. ಬೀದರಿನಲ್ಲಿ ಹುಟ್ಟಿ ಬೆಳೆದವರು ಇದನ್ನು ಬೈಗುಳವಾಗಿ ಬಳಸುವುದನ್ನು ಕೇಳಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಈ ಊರಿನಲ್ಲೇ ಹಬ್ಶಿ ಕೋಟ್ ಎಂಬ ಗುಡ್ಡವಿದೆ, ಅದರ ಮೇಲೆ ಹಬ್ಶಿ ಸರದಾರರ ಗೋರಿಗಳಿವೆ. ಆಫ್ರಿಕಾದ ಅಬಿಸೀನಿಯಾದಿಂದ ಬಂದವರು, ಹಲವರು ಗುಲಾಮರಾಗಿ ಮಾರಾಟವಾಗಿ ಬಂದವರು, ಬಹಮನಿ ದರ್ಬಾರಿನಲ್ಲಿ ದೊಡ್ಡ ಹುದ್ದೆಗಳಿಗೆ ಏರಿದ್ದರು. ಇದೇ ದಖ್ಖನಿನಲ್ಲಿ ಹಬ್ಶಿ ಸರದಾರ ಮಲಿಕ್ ಅಂಬರ್ ಮೊಘಲರನ್ನು ವರ್ಷಗಟ್ಟಲೆ ಕಾಡಿ, 1626ರಲ್ಲಿ ಸಾಯುವವರೆಗೂ ಅಹ್ಮದ್‌ನಗರದ ರಾಜ್ಯವನ್ನು ಹಿಡಿದು ನಿಲ್ಲಿಸಿದ. ಅವರು ಈ ಮಣ್ಣಿನಲ್ಲಿ ಸತ್ತು ಈ ಮಣ್ಣಾದವರು. ಅವರ ಹೆಸರನ್ನು ತೆಗೆದು ಒಬ್ಬ ದಲಿತ ಹುಡುಗನ ಮೈಬಣ್ಣಕ್ಕೆ ಎಸೆಯುತ್ತೇವೆ. ಒಂದೇ ಕಲ್ಲಿನಲ್ಲಿ ಇಬ್ಬರಿಗೂ ಹೊಡೆಯುತ್ತೇವೆ.

ಗುಂಪಿನ ಹಿರಿಯರೊಬ್ಬರು ನನಗೆ ಫೋನ್ ಮಾಡಿ, ತಪ್ಪು ಎರಡೂ ಕಡೆ ಇದೆ, ಅವನು ಕೂಗಿದವರನ್ನು ದುರುಗುಟ್ಟಿ ನೋಡಬಾರದಿತ್ತು ಎಂದರು. 2019ರ ಏಪ್ರಿಲಿನಲ್ಲಿ ಇಟಲಿಯ ಯುವೆಂಟಸ್ ಕ್ಲಬ್ಬಿನ ಮೊಯಿಸೆ ಕೀನ್ ಕಾಲ್ಯಾರಿ ಊರಿನಲ್ಲಿ ಗೋಲು ಹೊಡೆದು, ತನ್ನನ್ನು ನಿಂದಿಸಿದ ಜನರ ಎದುರು ಎರಡೂ ಕೈ ಚಾಚಿ ನಿಂತಾಗ, ಅವನ ತಂಡದವನೇ ಆದ ಬೊನುಚ್ಚಿ ತಪ್ಪು ಅರ್ಧ ಅರ್ಧ ಎಂದಿದ್ದ. ಆಮೇಲೆ ಬೊನುಚ್ಚಿ ಮಾತು ತಿದ್ದಿಕೊಂಡ. ನಮ್ಮ ಹಿರಿಯರೂ ತಿದ್ದಿಕೊಳ್ಳುತ್ತಾರೆಂದು ಕಾಯುತ್ತಿದ್ದೇನೆ. ನೋಡುವುದು ಯಾವ ನಿಯಮದಲ್ಲಿ ಅಪರಾಧ? ಜಾತಿಯ ಹೆಸರು ಹಿಡಿದು ಸಾರ್ವಜನಿಕವಾಗಿ ಬೈಯುವುದಾದರೆ ಪರಿಶಿಷ್ಟ ಜಾತಿ, ಪಂಗಡಗಳವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಲ್ಲಿ ಅಪರಾಧವೇ. ದೂರು ಕೊಡುವುದು ಬಿಡುವುದು ಹುಡುಗನಿಗೂ ಅವನ ಮನೆಯವರಿಗೂ ಬಿಟ್ಟದ್ದು. ಕೊಟ್ಟರೆ ಮೊದಲ ಸಾಕ್ಷಿ ನಾನು. ಇದನ್ನು ಇಲ್ಲಿ ಬಹಿರಂಗವಾಗಿ ಬರೆದು ಇಡುತ್ತಿದ್ದೇನೆ.

ಹುಡುಗ ಆಟ ಬಿಟ್ಟಿಲ್ಲ. ಬೆಳಿಗ್ಗೆ ಬರುತ್ತಾನೆ, ಪೆನಾಲ್ಟಿ ಅಭ್ಯಾಸ ಮಾಡುತ್ತಾನೆ. ಈಗ ಆ ಬದಿಯ ಗೋಲಿಗೆ ಹೊಡೆಯುವುದಿಲ್ಲ, ಹಿಂದೆ ಕಾಂಪೌಂಡ್ ಗೋಡೆ ಇರುವ ಈ ಬದಿಯ ಗೋಲಿಗೆ ಹೊಡೆಯುತ್ತಾನೆ. ಚೆಂಡು ಹೆಕ್ಕಲು ಸುಲಭ ಸರ್ ಎಂದ. ನಾನು ಮತ್ತೇನೂ ಕೇಳಲಿಲ್ಲ.

ಮುಂದಿನ ಪಂದ್ಯಾವಳಿಯ ಸಂಘಟಕರಿಗೆ ತಿಳಿಸಿದ್ದೇನೆ. ದಾನಿಗಳ ಹೆಸರು ಕೂಗುವ ಅದೇ ಮೈಕಿನಲ್ಲಿ ಈ ನಿಯಮವನ್ನೂ ಪಂದ್ಯಕ್ಕೆ ಮುಂಚೆ ಓದಬೇಕು. ಅಂಥ ಒಂದು ಮಾತು ಕೇಳಿದರೂ ಆಟ ನಿಲ್ಲಿಸುತ್ತೇನೆ, ಫೈನಲ್ ಆಗಿರಲಿ, ಅತಿಥಿಗಳು ಕುಳಿತಿರಲಿ. ಒಪ್ಪಿಗೆ ಇಲ್ಲದಿದ್ದರೆ ಬೇರೆ ರೆಫರಿಯನ್ನು ಹುಡುಕಿಕೊಳ್ಳಲಿ.

ಅಂದು ಕೂಗಿದವರಲ್ಲಿ ಮೂವರ ಮುಖ ನನಗೆ ಗೊತ್ತು. ಇಬ್ಬರು ಇಲ್ಲಿ ನನ್ನ ಗೆಳೆಯರ ಪಟ್ಟಿಯಲ್ಲಿದ್ದಾರೆ, ಇದನ್ನು ಓದುತ್ತಿದ್ದಾರೆ. ತಮ್ಮಂದಿರಾ, ನಿಮ್ಮ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಮತ್ತೆ ಅವರ ಮನೆಗೆ ಹೋಗುತ್ತಿದ್ದೇನೆ, ಅಂದು ಬಾಯಿಗೆ ಬಾರದ ಮಾತು ಹೇಳಲು. ಇನ್ನೂ ಯಾರಾದರೂ ಜೊತೆಗೆ ಬರಬಹುದೇ ಎಂದು ಆ ತಾಯಿಯನ್ನು ಕೇಳಿದ್ದೇನೆ. ಬರಲಿ ಎಂದಿದ್ದಾರೆ. ಮೈದಾನದ ಗೇಟಿನ ಬಳಿ ಏಳಕ್ಕೆ ಹತ್ತು ನಿಮಿಷ ಮುಂಚೆಯೇ ನಿಂತಿರುತ್ತೇನೆ.