ಕರೆ ಎತ್ತುವವರೇ ಲೆಕ್ಕವನ್ನೂ ಓದಬೇಕೆ?

ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ 1098 ಮಕ್ಕಳ ಸಹಾಯವಾಣಿ ಘಟಕಗಳ ಸಿಬ್ಬಂದಿಗೆ, ಮಕ್ಕಳ ಮೇಲಿನ ಹಿಂಸೆಯ ಅಂಕಿ-ಅಂಶಗಳನ್ನು ತಾವೇ ವಿಶ್ಲೇಷಿಸುವಷ್ಟು ತರಬೇತಿ ಕೊಡಬೇಕೆ? ಈ ಕ್ಷೇತ್ರ ಬಲ್ಲ ಇಬ್ಬರ ವಾದ ಇಲ್ಲಿದೆ.

ಪರ: ನಮೂದಿಸುವ ಕೈಗೇ ಎಣಿಕೆ ಗೊತ್ತಿರಬೇಕು

ಜಿಲ್ಲಾ ಸಭೆಗೆ ಹೋಗುವ ಸಹಾಯವಾಣಿಯ ವರದಿ ಸಾಮಾನ್ಯವಾಗಿ ಒಂದೇ ಹಾಳೆ. ಬಾಲ್ಯವಿವಾಹ ಇಷ್ಟು, ಬಾಲಕಾರ್ಮಿಕರು ಇಷ್ಟು, ಪೋಕ್ಸೊ ಇಷ್ಟು, ಕಾಣೆಯಾದವರು ಇಷ್ಟು. ಹೋದ ತಿಂಗಳಿಗಿಂತ ಹೆಚ್ಚೋ ಕಡಿಮೆಯೋ ಎಂದು ಒಂದು ಮಾತಾಗುತ್ತದೆ, ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ. ಆ ಹಾಳೆ ಎಣಿಸಿದ್ದು ಕರೆಯನ್ನೋ, ಮಗುವನ್ನೋ, ಘಟನೆಯನ್ನೋ ಎಂದು ಕೇಳುವವರು ಅಪರೂಪ. ಜಗಳೂರು ಕಡೆಯ ಹಳ್ಳಿಯೊಂದರಲ್ಲಿ ನಾಳೆ ಹುಡುಗಿಯ ಮದುವೆ ಎಂದು ಅಂಗನವಾಡಿ ಕಾರ್ಯಕರ್ತೆ, ಮೇಷ್ಟ್ರು, ಹೆಸರು ಹೇಳದ ಪಕ್ಕದ ಮನೆಯವರು ಮೂವರೂ ಫೋನ್ ಮಾಡಿದರೆ ಕರೆ ಮೂರು, ಮಗು ಒಂದು. ಅದೇ ಚಪ್ಪರದಲ್ಲಿ ಅಕ್ಕತಂಗಿಯರಿಬ್ಬರ ಮದುವೆಯಾದರೆ ಕರೆ ಒಂದು, ಮಕ್ಕಳು ಇಬ್ಬರು.

ಇದಕ್ಕಿಂತ ಜಟಿಲವಾದದ್ದು ಹದಿನೇಳು ವರ್ಷದ ಹುಡುಗಿ ಮನೆ ಬಿಟ್ಟು ಹೋದ ಪ್ರಕರಣ. ಸಹಾಯವಾಣಿಯಲ್ಲಿ ಆಕೆ ‘ಕಾಣೆಯಾದ ಮಗು’. ಠಾಣೆಯಲ್ಲಿ ಅಪಹರಣ, ಜೊತೆಗೆ ಪೋಕ್ಸೊ. ಮಕ್ಕಳ ಕಲ್ಯಾಣ ಸಮಿತಿಯ ಕಡತದಲ್ಲಿ ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು’. ಆಸ್ಪತ್ರೆಯಲ್ಲಿ ತಾಯಿ ಕಾರ್ಡ್ ಮಾಡಿಸುವಾಗ ಅಪ್ರಾಪ್ತ ಗರ್ಭಿಣಿ. ನಾಲ್ಕು ರಿಜಿಸ್ಟರುಗಳನ್ನು ಕೂಡಿಸಿದರೆ ಒಬ್ಬಳು ನಾಲ್ವರಾಗುತ್ತಾಳೆ. ಈ ನಾಲ್ವರೂ ಒಬ್ಬಳೇ ಎಂಬುದು ಗೊತ್ತಿರುವುದು ಆಕೆಯ ಫಾಲೋಅಪ್ ಮಾಡಿದ ಕೇಸ್ ವರ್ಕರ್‌ಗೆ ಮಾತ್ರ. ಮಾಹಿತಿ ಅಲ್ಲಿಯೇ ಕಳೆದುಹೋದರೆ ಮೇಲೆ ಕೂತ ಯಾವ ವಿಶ್ಲೇಷಕನಿಗೂ ಅದು ಮತ್ತೆ ಸಿಗುವುದಿಲ್ಲ. ನನ್ನ ವಾದದ ಬುಡ ಇಷ್ಟೇ.

ತರಬೇತಿ ಎಂದರೆ ಸಂಖ್ಯಾಶಾಸ್ತ್ರದ ಪದವಿಯಲ್ಲ. ಮೊದಲು, ಪ್ರತಿ ಮಗುವಿಗೆ ಒಂದು ಸಂಖ್ಯೆ. ಮತ್ತೆ ಎಷ್ಟು ಕರೆ ಬಂದರೂ ಅದೇ ಸಂಖ್ಯೆಯ ಕೆಳಗೆ. ಊರಿಗೆ ಮೂರು ಕಾಲಂ: ಘಟನೆ ನಡೆದ ಊರು, ಮಗುವಿನ ಸ್ವಂತ ಊರು, ಕರೆ ಬಂದ ಊರು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಸಿಕ್ಕ ಹುಡುಗ ಬೇರೆ ಜಿಲ್ಲೆಯವನಾಗಿದ್ದರೆ ಅವನನ್ನು ಎಲ್ಲಿ ಎಣಿಸುವುದು? ಎರಡೂ ಕಡೆ, ಆದರೆ ಬೇರೆ ಬೇರೆ ಪ್ರಶ್ನೆಗೆ. ಒಂದೇ ಹೆಸರಿನ ಹಳ್ಳಿಗಳು ನಾಲ್ಕಾರು ತಾಲ್ಲೂಕುಗಳಲ್ಲಿವೆ, ಕಾಗುಣಿತವೂ ಒಬ್ಬೊಬ್ಬರದು ಒಂದೊಂದು. ಹಾಗಾಗಿ ಹೆಸರಿನ ಪಕ್ಕ ಸರ್ಕಾರದ ಗ್ರಾಮ ಸಂಕೇತ ಸಂಖ್ಯೆ ಬೇಕು.

ದಿನಾಂಕ ಒಂದಿದ್ದರೆ ಸಾಲದು. ಘಟನೆಯದು, ಕರೆಯದು, ಸಮಿತಿಯ ಮುಂದೆ ಹಾಜರುಪಡಿಸಿದ್ದು, ಎಫ್‌ಐಆರ್ ಆದದ್ದು, ಹೀಗೆ ನಾಲ್ಕು ಬೇಕು. ಆರೋಗ್ಯ ಇಲಾಖೆ ಯಾವುದೋ ತಿಂಗಳು ತಾಯಿ ಕಾರ್ಡುಗಳ ವಯಸ್ಸನ್ನು ಬಿಗಿಯಾಗಿ ಪರಿಶೀಲಿಸಿದರೆ ಅಪ್ರಾಪ್ತ ಗರ್ಭಿಣಿಯರು ಪತ್ತೆಯಾಗಿ ಆ ತಿಂಗಳು ದೂರುಗಳು ಏಕಾಏಕಿ ಏರುತ್ತವೆ. ಘಟನೆಯ ದಿನಾಂಕ ನೋಡಿದರೆ ಅವು ಹಿಂದಿನ ಎಂಟೊಂಬತ್ತು ತಿಂಗಳಿಗೆ ಹಂಚಿಹೋಗಿರುತ್ತವೆ. ಅದನ್ನು ನೋಡದವರು ‘ಹಿಂಸೆ ಹೆಚ್ಚಾಯಿತು’ ಎಂದು ಬರೆದುಬಿಡುತ್ತಾರೆ.

ಹಿಂಸೆಯ ಬಗೆಯನ್ನೂ, ಮಾಡಿದವರು ಯಾರೆಂಬುದನ್ನೂ ಒಂದೇ ಕಾಲಂನಲ್ಲಿ ತುರುಕುವುದು ಇನ್ನೊಂದು ಹಳೆಯ ರೋಗ. ‘ಶಾಲಾ ದೌರ್ಜನ್ಯ’ ಎಂದು ಬರೆದರೆ ಅದು ಹೊಡೆತವೋ, ಲೈಂಗಿಕವೋ, ಜಾತಿ ನಿಂದನೆಯೋ? ಯುನಿಸೆಫ್ 2023ರಲ್ಲಿ ಹೊರತಂದ ವರ್ಗೀಕರಣದಲ್ಲಿ ಕೊಲೆ, ಸಾವಿಗೆ ಕಾರಣವಾಗದ ದೈಹಿಕ ಹಿಂಸೆ, ಲೈಂಗಿಕ ಹಿಂಸೆ, ಮಾನಸಿಕ ಹಿಂಸೆ, ನಿರ್ಲಕ್ಷ್ಯ ಎಂದು ಬಗೆಗಳು ಬೇರೆ ಬೇರೆ ಇವೆ. ನಮ್ಮ ನಮೂನೆಗೂ ಅದನ್ನು ಹೊಂದಿಸಬಹುದು. ಒಂದೇ ಮಗುವಿಗೆ ಎರಡು ಬಗೆ ಗುರುತಿಸಲು ಅವಕಾಶವಿದ್ದರಾಯಿತು.

ಇಷ್ಟಾದ ಮೇಲೆ ಎಕ್ಸೆಲ್‌ನ ಪಿವಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಎಣಿಸಿಕೊಡುವ ಸಾಧನ) ಕಲಿಯಲು ಎರಡು ಮಧ್ಯಾಹ್ನ ಸಾಕು. ಸರಾಸರಿಯನ್ನು ನಂಬಬಾರದು ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ಐದು ಮಕ್ಕಳು ಸಮಿತಿಯ ಮುಂದೆ ಬರಲು 1, 1, 2, 2, 34 ದಿನ ಹಿಡಿದರೆ ಸರಾಸರಿ 8, ಮಧ್ಯಾಂಕ (ಏರಿಕೆಯ ಸಾಲಿನಲ್ಲಿ ನಟ್ಟನಡುವಿನ ಅಂಕಿ) 2. ಬಾಲನ್ಯಾಯ ಕಾಯ್ದೆ ಕೇಳುವುದು 24 ಗಂಟೆ. ‘8 ದಿನ’ ಎಂದು ಬರೆದರೆ ಇಡೀ ಘಟಕಕ್ಕೆ ನೋಟಿಸ್ ಬರುತ್ತದೆ. ಮಧ್ಯಾಂಕ ಬರೆದು ಆ 34 ದಿನದ ಮಗುವಿನ ಕಡತ ತೆರೆದರೆ ಎಲ್ಲಿ ಸಿಕ್ಕಿಕೊಂಡಿತು ಎಂದು ತಿಳಿಯುತ್ತದೆ.

ಏರಿಳಿತಕ್ಕೂ ಒಂದು ಒರಟು ಲೆಕ್ಕವಿದೆ. ತಿಂಗಳಿಗೆ 9 ದೂರು ಬರುವ ತಾಲ್ಲೂಕಿನಲ್ಲಿ 9ರ ವರ್ಗಮೂಲ 3, ಅದರ ಎರಡರಷ್ಟು 6. ಅಂದರೆ 3ರಿಂದ 15ರವರೆಗಿನ ಏರಿಳಿತ ಬರೀ ಆಕಸ್ಮಿಕವಿರಬಹುದು. ‘ಹೊಸದುರ್ಗದಲ್ಲಿ ಶೇ 50 ಏರಿಕೆ’ ಎನ್ನುವ ಮೊದಲು ಇದನ್ನು ನೋಡಬೇಕು.

ಸ್ಥಳೀಯರಿಗೆ ಮಾತ್ರ ಕಾಣುವ ಬಿರುಕುಗಳೂ ಇವೆ. 2018ರಲ್ಲಿ ಹರಪನಹಳ್ಳಿ ದಾವಣಗೆರೆಯಿಂದ ಬಳ್ಳಾರಿಗೆ ಹೋಯಿತು. ಆಗ ದಾವಣಗೆರೆ ಜಿಲ್ಲೆಯ ಅಂಕಿ ಇಳಿದಿದ್ದರೆ ಅದು ಸಾಧನೆಯಲ್ಲ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಯಿತು. 2023ರಲ್ಲಿ 1098 ಸರ್ಕಾರದ ನಿಯಂತ್ರಣ ಕೊಠಡಿಗಳ ವ್ಯವಸ್ಥೆಗೆ ಬಂದು ತುರ್ತು ಸಹಾಯ ಸಂಖ್ಯೆ 112ರ ಜೊತೆ ಜೋಡಣೆಯಾಯಿತು. ಹಿಂದಿನ ಕರೆಗಳನ್ನು ಈಗಿನವುಗಳ ಪಕ್ಕ ನೇರವಾಗಿ ಇಟ್ಟು ನೋಡುವಂತಿಲ್ಲ. ಮೊಳಕಾಲ್ಮುರಿನಿಂದ ಕರೆ ಕಡಿಮೆಯಿದ್ದರೆ ಅಲ್ಲಿ ಹಿಂಸೆ ಕಡಿಮೆ ಎಂದಲ್ಲ. ಆಂಧ್ರದ ಟವರ್ ಹಿಡಿದು ಕರೆ ಆಚೆಗೆ ಹೋಗಿರಬಹುದು, 1098 ಎಂದರೇನೆಂದೇ ಆ ಹಟ್ಟಿಗೆ ಗೊತ್ತಿಲ್ಲದಿರಬಹುದು. ಮಕ್ಕಳ ಗ್ರಾಮಸಭೆ ಚೆನ್ನಾಗಿ ನಡೆದ ಪಂಚಾಯಿತಿಯಿಂದ ಕರೆ ಹೆಚ್ಚಾದರೆ ಅದು ಒಳ್ಳೆಯ ಸುದ್ದಿ. ಮೌನವಾಗಿರುವ ತಾಲ್ಲೂಕು ಯಾವುದೆಂದು ಹುಡುಕಿ ಅಲ್ಲಿಗೆ ಜೀಪ್ ಕಳಿಸುವ ನಿರ್ಧಾರ ಘಟಕದಲ್ಲೇ ಆಗಬೇಕು, ಆರು ತಿಂಗಳ ನಂತರ ಬೆಂಗಳೂರಿನಿಂದ ಬರುವ ಪತ್ರದಲ್ಲಲ್ಲ.

ವಿರೋಧ: ಲೆಕ್ಕಕ್ಕೆ ಬೇರೆ ಮೇಜಿದೆ

ಮೇಲಿನ ಪಟ್ಟಿಯಲ್ಲಿ ತಪ್ಪು ಎನ್ನುವಂಥದ್ದು ಒಂದೂ ಇಲ್ಲ. ಆದರೆ ಆ ಕೆಲಸ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನೋಡೋಣ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಂತೆ ಜಿಲ್ಲಾ ಘಟಕಕ್ಕೆ ಎಂಟು ಹುದ್ದೆ: ಸಂಯೋಜಕ ಒಬ್ಬರು, ಆಪ್ತಸಮಾಲೋಚಕ ಒಬ್ಬರು, ಮೇಲ್ವಿಚಾರಕರು ಮೂವರು, ಕೇಸ್ ವರ್ಕರ್‌ಗಳು ಮೂವರು. ಸೇವೆ ದಿನದ 24 ಗಂಟೆ. ಪಾಳಿಗೆ ಒಬ್ಬ ಮೇಲ್ವಿಚಾರಕ, ಒಬ್ಬ ಕೇಸ್ ವರ್ಕರ್; ವಾರದ ರಜೆಗೆ ಬದಲಿ ಇಲ್ಲ. ಒಬ್ಬರಿಗೆ ಜ್ವರ ಬಂದರೆ ಉಳಿದಿಬ್ಬರದು 12 ಗಂಟೆ ಪಾಳಿ. ಚಿತ್ರದುರ್ಗದಿಂದ ಮೊಳಕಾಲ್ಮುರು 80 ಕಿ.ಮೀ. ಆಸುಪಾಸು. ಮದುವೆ ನಿಲ್ಲಿಸಲು ಹೋದವರು ತಹಶೀಲ್ದಾರರನ್ನು, ಪಿಡಿಒ ಅವರನ್ನು, ಪೊಲೀಸರನ್ನು ಕೂಡಿಸಿ, ಮುಚ್ಚಳಿಕೆ ಬರೆಸಿ, ಹುಡುಗಿಯನ್ನು ಸಮಿತಿಗೆ ಕರೆತರುವಷ್ಟರಲ್ಲಿ ದಿನ ಮುಗಿದಿರುತ್ತದೆ. ಅಕ್ಷಯ ತೃತೀಯದ ವಾರ ಇಂಥವು ಒಂದರ ಹಿಂದೆ ಒಂದು. ಆಗ ಪಿವಟ್ ಟೇಬಲ್ ಯಾವ ಮಧ್ಯಾಹ್ನ?

ಅದಕ್ಕಿಂತ ಮುಖ್ಯವಾಗಿ, ಈ ಕೆಲಸಕ್ಕೆ ಹುದ್ದೆ ಈಗಾಗಲೇ ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅದೇ ಮಾರ್ಗಸೂಚಿ ದತ್ತಾಂಶ ವಿಶ್ಲೇಷಕರ ಹುದ್ದೆ ಕೊಟ್ಟಿದೆ. ಆ ಕುರ್ಚಿಯ ಕೆಲಸವನ್ನು ಫೋನ್ ಎತ್ತುವವರಿಗೆ ದಾಟಿಸುವುದಕ್ಕೆ ‘ಸಾಮರ್ಥ್ಯವೃದ್ಧಿ’ ಎಂದು ಹೆಸರಿಡುವುದು ನಮ್ಮ ಇಲಾಖೆಗಳ ಹಳೆಯ ಚಾಳಿ. ಇವರು ಗುತ್ತಿಗೆ ನೌಕರರು ಬೇರೆ. ಕಲಿತವರು ಬೇರೆ ಕೆಲಸ ಸಿಕ್ಕರೆ ಹೊರಡುತ್ತಾರೆ, ತರಬೇತಿ ಮತ್ತೆ ಮೊದಲಿನಿಂದ.

ನನಗೆ ಹೆಚ್ಚು ಭಯ ಇರುವುದು ಬೇರೆ ಕಡೆ. ಕಾಲಂ ತುಂಬಬೇಕೆಂಬ ತುರ್ತು ಕರೆಯ ಒಳಕ್ಕೇ ನುಗ್ಗುತ್ತದೆ. ಅಳುತ್ತಿರುವ ಮಗು ಫೋನ್ ಹಿಡಿದಿದೆ. ಮೊದಲ ಐದು ನಿಮಿಷದಲ್ಲಿ ತಿಳಿಯಬೇಕಾದ್ದು ಮೂರು: ಈಗ ಎಲ್ಲಿದ್ದೀಯ, ಅಲ್ಲಿ ಅಪಾಯ ಇದೆಯೇ, ಪಕ್ಕದಲ್ಲಿ ನಂಬುವ ದೊಡ್ಡವರು ಯಾರಿದ್ದಾರೆ. ಹಿಂಸೆಯ ಬಗೆ, ಎಷ್ಟು ಬಾರಿ, ಯಾವಾಗಿನಿಂದ ಎಂದೆಲ್ಲ ಅಲ್ಲಿ ಕೆದಕಿದರೆ ಎರಡು ಕೆಡುಕು. ಮಗು ಫೋನ್ ಇಟ್ಟುಬಿಡಬಹುದು. ಇಲ್ಲವೇ ‘ಮಾವನೇ ಮಾಡಿದ್ದಾ?’ ಎಂಬಂಥ ಪ್ರಶ್ನೆಗೆ ಹೂಂ ಎನ್ನಬಹುದು. ಪೋಕ್ಸೊ ಪ್ರಕರಣದಲ್ಲಿ ಮಗು ಪೊಲೀಸರಿಗೆ ಒಮ್ಮೆ, ಮ್ಯಾಜಿಸ್ಟ್ರೇಟರ ಮುಂದೆ ಇನ್ನೊಮ್ಮೆ, ಕೋರ್ಟಿನಲ್ಲಿ ಮತ್ತೊಮ್ಮೆ ಹೇಳಬೇಕು. ಸಹಾಯವಾಣಿಯ ವಿವರವಾದ ನಮೂದು ಅದಕ್ಕೆ ಹೊಂದದಿದ್ದರೆ ಆರೋಪಿ ಪರ ವಕೀಲರು ಆ ವ್ಯತ್ಯಾಸವನ್ನೇ ಹಿಡಿಯುತ್ತಾರೆ. ‘ಗೊತ್ತಿಲ್ಲ’ ಎಂದು ಖಾಲಿ ಬಿಟ್ಟ ಕಾಲಂ ಎಷ್ಟೋ ಸಲ ಸರಿಯಾದ ನಮೂದು. ವಿಶ್ಲೇಷಣೆ ಕಲಿತ ಕಣ್ಣಿಗೆ ಅದು ಕೊರತೆಯಾಗಿ ಕಾಣುತ್ತದೆ.

ಗುರುತಿನ ಪ್ರಶ್ನೆಯೂ ಇದೆ. ‘ಇಂಥ ತಾಲ್ಲೂಕು, 13 ವರ್ಷ, ಬಾಲಕ, ವಸತಿ ಶಾಲೆ, ಆರೋಪಿ ಅಡುಗೆಯವ’ ಎಂಬ ಸಾಲಿನಲ್ಲಿ ಹೆಸರಿಲ್ಲ. ಆದರೆ ಆ ಊರಿಗೆ ಹೆಸರು ಬೇಕಾಗಿಯೂ ಇಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಮಗುವಿನ ಗುರುತು ಬಹಿರಂಗಪಡಿಸಿದರೆ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಐದಕ್ಕಿಂತ ಚಿಕ್ಕ ಅಂಕಿಯನ್ನು ಮುಚ್ಚಬೇಕು ಎಂದು ಹೇಳಿಕೊಡಬಹುದು. ಆದರೆ ಜಿಲ್ಲೆಯ ಒಟ್ಟು 41, ಐದು ತಾಲ್ಲೂಕುಗಳದು 39 ಎಂದು ಕೊಟ್ಟು ಆರನೆಯದನ್ನು ಮುಚ್ಚಿದರೆ ಕಳೆದು ನೋಡುವುದು ಯಾರಿಗೂ ಬರುತ್ತದೆ. ಮುಚ್ಚಲು ಇನ್ನೊಂದು ತಾಲ್ಲೂಕಿನ ಅಂಕಿಯನ್ನೂ ತೆಗೆಯಬೇಕು. ಈ ಸೂಕ್ಷ್ಮ ತಪ್ಪಿದ ಎಕ್ಸೆಲ್ ಹಾಳೆ ವಾಟ್ಸ್ಆ್ಯಪ್ ಗುಂಪಿಗೆ ಬಿದ್ದರೆ ಮರಳಿ ಬಾರದು. ಹಾಳೆ ಮಾಡುವ ಕೈಗಳು ಕಡಿಮೆಯಿದ್ದಷ್ಟೂ ಮಕ್ಕಳಿಗೆ ಕ್ಷೇಮ.

ಒಬ್ಬಳು ನಾಲ್ವರಾಗುವ ಸಮಸ್ಯೆ ನಿಜ. ಅದಕ್ಕೆ ಔಷಧಿ ನಮೂನೆಯಲ್ಲಿದೆ. ಮಗುವಿಗೆ ಹಳೆಯ ಸಂಖ್ಯೆ ಇದೆಯೇ ಎಂದು ಹುಡುಕದೆ ಹೊಸ ಕಡತ ತೆರೆಯದಂತೆ ತಂತ್ರಾಂಶ ತಡೆಯಲಿ. ಊರು ಟೈಪ್ ಮಾಡುವ ಬದಲು ತಾಲ್ಲೂಕು, ಪಂಚಾಯಿತಿ, ಗ್ರಾಮ ಎಂದು ಆರಿಸುವಂತಿರಲಿ. ವಿಶ್ಲೇಷಕರು ತಿಂಗಳಿಗೊಮ್ಮೆ ಘಟಕಕ್ಕೇ ಬಂದು, ಸಂಶಯವಿರುವ ಹತ್ತು ಸಾಲುಗಳನ್ನು ಕೇಸ್ ವರ್ಕರ್ ಜೊತೆ ಕೂತು ಕೇಳಲಿ. ಸಿಬ್ಬಂದಿಗೆ ನಮೂನೆ ತುಂಬುವ ಅರ್ಧ ದಿನದ ಪಾಠ ಸಾಕು. ಉಳಿದ ಹಣದಲ್ಲಿ ನಾಲ್ಕನೆಯ ಕೇಸ್ ವರ್ಕರ್ ಒಬ್ಬರನ್ನು ತೆಗೆದುಕೊಂಡರೆ ವಾರದ ರಜೆಗಾದರೂ ಬದಲಿ ಸಿಗುತ್ತದೆ.