ಫಲಕ ಹಾಕಿದರೆ ಮನೆ ಉಳಿಯುತ್ತಾ?

ಹೆಸರಾಂತ ವ್ಯಕ್ತಿಗಳು ಇದ್ದ ಮನೆಗಳ ಗೋಡೆಗೆ ಹಾಕುವ ಲಂಡನ್ನಿನ ನೀಲಿ ಫಲಕಗಳ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಫಲಕ ಇರುವ ಕಟ್ಟಡವನ್ನು ಯಾರೂ ಮುಟ್ಟುವಂತಿಲ್ಲ ಅಂದಿದ್ದೀರಲ್ಲ, ಅದನ್ನು ಒಪ್ಪಲಾರೆ. ಮೊದಲನೇ ಫಲಕದ ಕಥೆಯನ್ನೇ ನೋಡಿ. ಹೋಲ್ಸ್ ಸ್ಟ್ರೀಟಿನಲ್ಲಿ ಕವಿ ಬೈರನ್ ಹುಟ್ಟಿದ ಮನೆಗೆ 1867ರಲ್ಲಿ ಅದನ್ನು ಹಾಕಿದ್ದರು. 1889ರಲ್ಲಿ ಮನೆಯನ್ನೇ ಕೆಡವಿದರು. ಈಗಲೂ ಅಷ್ಟೇ, ಬರೀ ಫಲಕಕ್ಕೆ ಕಾನೂನಿನ ಬಲ ಇಲ್ಲ. ಕಾನೂನಿನ ರಕ್ಷಣೆ ಬೇಕೆಂದರೆ ಕಟ್ಟಡ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಬೇಕು, ಅದರ ದಾರಿಯೇ ಬೇರೆ.

ಅಂಬೇಡ್ಕರ್ ಅವರು ಓದುವಾಗ 1921-22ರಲ್ಲಿ ಇದ್ದ ಕಿಂಗ್ ಹೆನ್ರೀಸ್ ರೋಡಿನ 10ನೇ ನಂಬರಿನ ಮನೆಗೂ ನೀಲಿ ಫಲಕ ಇದೆ. ಆದರೂ ಅದು ಮಾರಾಟಕ್ಕೆ ಬಂತು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ದುಡ್ಡು ಕೊಟ್ಟು ಕೊಂಡಿತು. ಅಲ್ಲಿಗೂ ಮುಗಿಯಲಿಲ್ಲ. ಮ್ಯೂಸಿಯಂ ಮಾಡೋಕೆ ಅಲ್ಲಿನ ಸ್ಥಳೀಯ ಆಡಳಿತ ಒಪ್ಪಲಿಲ್ಲ, 2020ರಲ್ಲಿ ಬ್ರಿಟನ್ ಸರ್ಕಾರವೇ ಅನುಮತಿ ಕೊಡಬೇಕಾಯಿತು. ಇಷ್ಟರಲ್ಲಿ ಫಲಕ ಮಾಡಿದ್ದೇನು?

ಹಾಗಂತ ಫಲಕ ಬರೀ ಶೋಕಿ ಅನ್ನೋದಿಲ್ಲ. ಬ್ರೂಕ್ ಸ್ಟ್ರೀಟಿನಲ್ಲಿ 25ನೇ ನಂಬರಿಗೆ ಸಂಗೀತಗಾರ ಹ್ಯಾಂಡೆಲ್ ಹೆಸರು, ಗೋಡೆಗೆ ಗೋಡೆ ತಾಗಿದ 23ಕ್ಕೆ ಗಿಟಾರಿನ ಜಿಮಿ ಹೆಂಡ್ರಿಕ್ಸ್ ಹೆಸರು. ಇಬ್ಬರ ನಡುವೆ ಇನ್ನೂರು ವರ್ಷಕ್ಕೂ ಜಾಸ್ತಿ ಅಂತರ! ಫುಟ್‌ಪಾತಿನಲ್ಲಿ ನಿಂತು ತಲೆ ಎತ್ತಿದರೆ ಎರಡೂ ಕಾಣುತ್ತವೆ, ಟಿಕೆಟ್ಟೂ ಬೇಡ, ಗೈಡೂ ಬೇಡ. ಫಲಕದ ಕೆಲಸ ಅದು. ಮನೆ ಕಾಯುವ ಕೆಲಸವನ್ನೂ ಅದರ ತಲೆಗೇ ಕಟ್ಟಿದರೆ, ಕಾಯಬೇಕಾದವರು ಆರಾಮಾಗಿ ಜಾರಿಕೊಳ್ಳುತ್ತಾರೆ, ಅಲ್ವಾ?