ಹೆಚ್ಚಾದ ನಾಲ್ಕು ಪುಟ

ಬಡಾವಣೆಯ ಮಕ್ಕಳಿಂದ ಬರೆಸಿ ಒಂದು ಪುಸ್ತಕ ತರಬೇಕು, ಮಾರಿ ಬಂದ ಹಣವನ್ನು ಪಕ್ಕದ ಸರ್ಕಾರಿ ಶಾಲೆಯ ಗ್ರಂಥಾಲಯಕ್ಕೆ ಕೊಡಬೇಕು ಎಂದು ನಮ್ಮ ನಿವಾಸಿಗಳ ಸಂಘ ತೀರ್ಮಾನಿಸಿತು. ಸಂಪಾದಕನಾಗಿ ಸರ್ವಾನುಮತದಿಂದ ಆಯ್ಕೆಯಾದವನು ನಾನು. ಆ ಸಭೆಗೆ ಹೋಗದಿದ್ದವನು ನಾನೊಬ್ಬನೇ.

ಮಕ್ಕಳಿಂದ ಯಾವ ತೊಂದರೆಯೂ ಆಗಲಿಲ್ಲ. ಬರೆದುಕೊಟ್ಟು ಆಡಲು ಹೋದರು. ತಾಪತ್ರಯವೆಲ್ಲ ಹೆತ್ತವರದು. ಮೂರನೆಯ ತರಗತಿಯ ಹುಡುಗಿಯೊಬ್ಬಳ ಮಳೆಯ ಪ್ರಬಂಧ ‘ನಿಸರ್ಗದ ರಮಣೀಯ ಮಡಿಲಿಗೆ ವರುಣದೇವನ ಆಗಮನ’ ಎಂದು ಶುರುವಾಗಿತ್ತು.

“ವರುಣದೇವ ಅಂದರೆ ಯಾರು ಪುಟ್ಟಿ?”

“ಅಮ್ಮನಿಗೆ ಗೊತ್ತು ಅಂಕಲ್.”

ಜಗಲಿಯಲ್ಲಿ ಕೂರಿಸಿ, ಕೈಗೆ ಚಕ್ಕುಲಿ ಕೊಟ್ಟು ಮತ್ತೆ ಬರೆಸಿದೆ. ‘ಮಳೆ ಬಂದರೆ ರಜೆ ಕೊಡುತ್ತಾರೆ ಎಂದು ಎಲ್ಲರೂ ಕಿಟಕಿ ನೋಡುತ್ತೇವೆ. ಕೊಡುವುದಿಲ್ಲ.’ ಅಚ್ಚಾದದ್ದು ಇದು. ಅವಳ ಅಮ್ಮ ಈಗಲೂ ನನ್ನೊಡನೆ ಅಷ್ಟಕ್ಕಷ್ಟೇ.

ಇನ್ನೊಬ್ಬ ಹುಡುಗ ತಂದೆಯ ಬಗ್ಗೆ ಬರೆದಿದ್ದ. ‘ಅಪ್ಪ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ. ರಾತ್ರಿ ಗೊರಕೆ ಹೊಡೆಯುತ್ತಾರೆ. ಅಜ್ಜಿ ಎದ್ದು, ಮಿಕ್ಸಿ ನಿಲ್ಲಿಸಿ ಎನ್ನುತ್ತಾರೆ.’ ಸುದ್ದಿ ತಿಳಿದ ಅಪ್ಪ ಕತ್ತಲಾದ ಮೇಲೆ ಒಬ್ಬರೇ ಬಂದರು. “ಸಾರ್, ಗೊರಕೆ ತೆಗೆದುಬಿಡಿ. ಹತ್ತು ಪ್ರತಿ ಕೊಳ್ಳುತ್ತೇನೆ.” ಮರುದಿನ ಅವರ ಹೆಂಡತಿ ಹಾಡಹಗಲೇ ಬಂದು, ಗೊರಕೆ ಉಳಿಸಿದರೆ ಇಪ್ಪತ್ತೈದು ಪ್ರತಿ ಎಂದರು. ಸಹಾಯಾರ್ಥ ಪ್ರಕಟಣೆಯಲ್ಲವೇ, ಗೊರಕೆ ಉಳಿಯಿತು.

ಅಕ್ಷರ ಜೋಡಣೆಯದು ಬೇರೆಯೇ ಪುರಾಣ. ಕೆಲವರು ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದರು, ಕೆಲವರು ಮೊಬೈಲಿನ ಯುನಿಕೋಡ್‌ನಲ್ಲಿ. ಒಂದನ್ನು ಇನ್ನೊಂದಕ್ಕೆ ಒಗ್ಗಿಸುವಷ್ಟರಲ್ಲಿ ಒತ್ತಕ್ಷರಗಳು ಮನೆ ಬಿಟ್ಟು ಪಕ್ಕದವರ ಅಂಗಳ ಸೇರಿದ್ದವು. ಬಾಯಲ್ಲಿ ಹೇಳಿ ಮೊಬೈಲಿನಲ್ಲಿ ಮೂಡಿಸಿದ ಚಂದ್ರನ ಕವನವೊಂದರ ನಡುವೆ ‘ಕುಕ್ಕರ್ ಮೂರು ಸಲ ಕೂಗಿತು, ಆರಿಸು’ ಎಂಬ ಸಾಲಿತ್ತು. ಲಯ ಸರಿಯಾಗಿದ್ದದ್ದು ಅದೊಂದರಲ್ಲೇ.

ಅಂತೂ ಕರಡು ತಿದ್ದಿ ಮುದ್ರಣಾಲಯಕ್ಕೆ ಒಯ್ದರೆ, ಅಲ್ಲಿನವರು ಪುಟ ಎಣಿಸಿ ತಲೆಯಾಡಿಸಿದರು. “68 ಆಗಿದೆ. 64ಕ್ಕೆ ಇಳಿಸಿ, ಇಲ್ಲವೇ 80ಕ್ಕೆ ಏರಿಸಿ.” ದೊಡ್ಡ ಹಾಳೆಯ ಒಂದೊಂದು ಬದಿಗೆ ಎಂಟೆಂಟು ಪುಟ ಅಚ್ಚಾಗುತ್ತವೆ, ಮಡಚಿದರೆ ಹದಿನಾರು ಪುಟದ ಒಂದು ಫಾರಂ. ಶಾಲೆಯಲ್ಲಿ ಬೆತ್ತಕ್ಕೆ ಹೆದರಿ ಕಲಿತ ಹದಿನಾರರ ಮಗ್ಗಿ ಇಷ್ಟು ವರ್ಷಗಳ ಮೇಲೆ ಹುಡುಕಿಕೊಂಡು ಬಂದಿತ್ತು. ನಾಲ್ಕು ಪುಟ ಕತ್ತರಿಸೋಣವೆಂದರೆ, ಯಾರ ಮಗುವಿನದು? ಹಾಗೆ ಕತ್ತರಿಸಿದವನು ಮನೆ ಮಾರಿಕೊಂಡು ಬೇರೆ ಬಡಾವಣೆ ನೋಡಿಕೊಳ್ಳಬೇಕಾಗುತ್ತದೆ. ಆದ್ದರಿಂದ 80 ಎಂದು ನಿಂತಿತು.

ಉಳಿದ ಹನ್ನೆರಡು ಪುಟಕ್ಕೆ ಅಧ್ಯಕ್ಷರ ಸಂದೇಶ, ಕಾರ್ಯದರ್ಶಿಯ ಸಂದೇಶ, ಖಜಾಂಚಿಯ ಸಂದೇಶ, ಭಾವಚಿತ್ರ ಸಮೇತ, ತಾವಾಗಿಯೇ ಬಂದವು. ಖಜಾಂಚಿಯವರಂತೂ ಮೂರು ಭಂಗಿ ಕಳಿಸಿ ಚೆನ್ನಾಗಿರುವುದನ್ನು ಆರಿಸಿಕೊಳ್ಳಿ ಎಂದರು. ಅಷ್ಟರಲ್ಲಿ ಆ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ ಕರಡನ್ನು ತಿರುವಿಹಾಕಿ ಕೇಳಿದರು: “ಎಲ್ಲ ಚೆನ್ನಾಗಿದೆ. ನಮ್ಮ ಮಕ್ಕಳು ಯಾವ ಪುಟದಲ್ಲಿದ್ದಾರೆ?”

ಸಮಿತಿಯವರು ಚಹಾದ ಲೋಟದೊಳಗೆ ಇಣುಕಿದರು. ಸಂದೇಶಗಳು ಒಟ್ಟಾಗಿ ಬೆನ್ನುಡಿಗೆ ಹೋಗಿ ಮುದುಡಿಕೊಂಡವು, ಭಾವಚಿತ್ರಗಳು ಬೆರಳುಗುರಿನಷ್ಟಾದವು. ಹನ್ನೆರಡು ಪುಟ ಆ ಶಾಲೆಯವರಿಗೆ ಹೋಯಿತು. ಅದರಲ್ಲಿ ಆರನೆಯ ತರಗತಿಯ ಹುಡುಗನೊಬ್ಬನ ಬರಹ ಇಡೀ ಪುಸ್ತಕಕ್ಕೆ ಕಳಶ ಎಂದು ನನ್ನ ಅಭಿಪ್ರಾಯ: ‘ನಮ್ಮ ಶಾಲೆಯಲ್ಲಿ ಪುಸ್ತಕದ ಬೀರು ಇದೆ. ಬೀಗದ ಕೈ ಮೇಷ್ಟ್ರ ಹತ್ತಿರ ಇದೆ. ಮೇಷ್ಟ್ರು ಚುನಾವಣೆ ಕೆಲಸಕ್ಕೆ ಹೋಗಿದ್ದಾರೆ.’

ಪುಸ್ತಕ ಮಾರಾಟವಾಯಿತು, ಗೌರವ ಪ್ರತಿ ಕೇಳಿದ ನೆಂಟರಿಷ್ಟರನ್ನು ದಾಟಿಕೊಂಡು ಎಂದು ಸೇರಿಸಬೇಕು. ಹಣವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಖಾತೆಗೆ ಕಟ್ಟಿದ ದಿನ, ಯಾವ ಯಾವ ಪುಸ್ತಕ ತರಿಸೋಣ ಎಂದು ಮುಖ್ಯ ಶಿಕ್ಷಕಿಯವರನ್ನು ಕೇಳಿದೆವು.

“ಮೊದಲು ಬಾಗಿಲಿಲ್ಲದ ಕಪಾಟು ತರಿಸಿ,” ಎಂದರು.